ಒಂದು ಬೇಸಿಗೆ ದಾಟಲಿ, ಆಮೇಲೆ ಡೋರಿ

ಡೋರಿ ಮೀನು ಬೇಕು ಅಂತೀಯ. ಬೇಡ ಅನ್ನುವುದಿಲ್ಲ ಮಗಾ, ಈಗಲೇ ಬೇಡ ಅನ್ನುತ್ತೇನೆ. ಬೆಂಗಳೂರಿನ ಅಂಗಡಿಯಿಂದ ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಮೂರಡಿಯ ಟ್ಯಾಂಕು, ಒಳಗೆ ಮೂರಿಂಚಿನ ನೀಲಿ ಮೀನು, ಹಳದಿ ಬಾಲ. ಟ್ಯಾಂಕಿನ ಅಳತೆ ನೋಡಿಕೊಂಡು ಮೀನು ಬೆಳೆಯುತ್ತದೆ ಎಂದು ಅಂಗಡಿಯವನು ಹೇಳಿದನಂತೆ. ಆ ಮಾತನ್ನು ಅಂಗಡಿಯಲ್ಲೇ ಬಿಟ್ಟು ಬಾ. ಗಾಜು ಅಡ್ಡ ಬಂತೆಂದು ಬೆಳವಣಿಗೆ ನಿಲ್ಲಿಸುವ ಮೀನು ಇಲ್ಲ. ಇಕ್ಕಟ್ಟಿನಲ್ಲಿ, ಕೆಟ್ಟ ನೀರಿನಲ್ಲಿ ಅದು ಸೊರಗುತ್ತದೆ. ಸೊರಗಿದ್ದನ್ನು ನೋಡಿ ನಾವು ‘ಹೊಂದಿಕೊಂಡಿತು’ ಅಂದುಕೊಳ್ಳುತ್ತೇವೆ, ಅಷ್ಟೆ.

ನೀನು ಹುಟ್ಟಿದ ಆಸುಪಾಸಿನಲ್ಲಿ, 2003ರಲ್ಲಿ, ‘ಫೈಂಡಿಂಗ್ ನೀಮೊ’ ಸಿನಿಮಾ ಬಂತು. 2016ರಲ್ಲಿ ಡೋರಿಯ ಹೆಸರಿನಲ್ಲೇ ಇನ್ನೊಂದು ಬಂತು. ಅಲ್ಲಿಂದ ಮೀನಿನಂಗಡಿಗೆ ಹೋದ ಮಕ್ಕಳೆಲ್ಲ ಕೈ ತೋರಿಸುವುದು ನೀಮೊ, ಡೋರಿ ಈ ಎರಡು ಮೀನಿಗೇ. ಆದರೆ ನೀಮೊಗೆ ಸಾಕಾದ ಟ್ಯಾಂಕು ಡೋರಿಗೆ ಸಾಲದು. ನೀಮೊ ಬೆರಳುದ್ದದ ಮೀನು, ಒಂದು ಮೂಲೆ ಹಿಡಿದರೆ ಅಲ್ಲೇ ಸಂಸಾರ ಮಾಡಿಕೊಂಡಿರುತ್ತದೆ. ಡೋರಿ ಸರ್ಜನ್ ಮೀನು; ಸಾಕುವವರ ಬಾಯಲ್ಲಿ ಟ್ಯಾಂಗ್. ಈ ವಂಶದಲ್ಲಿ 80ಕ್ಕೂ ಹೆಚ್ಚು ಜಾತಿಗಳಿವೆ. ಬಾಲದ ಬುಡದಲ್ಲಿ ಎರಡೂ ಮಗ್ಗುಲಿಗೆ ಆಪರೇಷನ್ ಚಾಕುವಿನಂಥ ಹರಿತವಾದ ಮುಳ್ಳಿದೆ, ಆ ಹೆಸರು ಬಂದದ್ದು ಅದರಿಂದಲೇ. ಪೂರ್ತಿ ಬೆಳೆದ ಡೋರಿ 30 ಸೆಂಟಿಮೀಟರ್, ಅಂದರೆ ಒಂದಡಿ. ಒಂದಡಿಯ ಮೀನು ಮೂರಡಿಯ ಗಾಜಿನೊಳಗೆ ಎಷ್ಟು ಹೊತ್ತು ಈಜೀತು?

ಟ್ಯಾಂಗನ್ನು ನಾನು ಮೀನು ಅಂತ ನೋಡುವುದಿಲ್ಲ, ದನ ಅಂತ ನೋಡುತ್ತೇನೆ. ನಗಬೇಡ. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ ನೀನು ನೋಡಿದ್ದೀಯ. ಆ ತಳಿಯ ದನಗಳ ಇಲಾಖೆ ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಶುರುವಾದದ್ದು, ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಆ ದನಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಹುಲ್ಲು ಹಾಕಿ ಬೆಳೆಸಲಿಲ್ಲ. ಅವುಗಳಿಗೆ ಕಾವಲು, ಅಂದರೆ ಹುಲ್ಲುಗಾವಲು, ಬಿಟ್ಟರು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. ಹುಲ್ಲು ಮುಗಿದ ಕಡೆಯಿಂದ ಹುಲ್ಲಿದ್ದ ಕಡೆಗೆ ನಡೆಯುವುದೇ ಅವುಗಳ ಬದುಕು. ಫಿರಂಗಿ ಎಳೆಯುವ ತಾಕತ್ತು ಬಂದದ್ದೂ ಆ ನಡಿಗೆಯಲ್ಲೇ ಬೆಳೆದದ್ದರಿಂದ ಎಂದು ಹಳಬರು ಹೇಳುತ್ತಿದ್ದರು. ಟ್ಯಾಂಗ್ ಮಾಡುವುದೂ ಅದೇ ಕೆಲಸ. ಹವಳದ ದಿಬ್ಬದ ಮೇಲೆ ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಪಾಚಿ ಕೆರೆದು ತಿನ್ನುತ್ತಾ ಮುಂದೆ ಸಾಗುತ್ತದೆ. ಡೋರಿ ಪಾಚಿಯ ಜೊತೆಗೆ ತೇಲಿಬರುವ ಸಣ್ಣ ಜೀವಿಗಳನ್ನೂ ಹಿಡಿಯುತ್ತದೆ, ನಿಜ. ಆದರೆ ಅದೂ ನಿಂತಲ್ಲಿ ನಿಲ್ಲುವ ಪ್ರಾಣಿಯಲ್ಲ. ಹಾಗಾಗಿ ಯಾರಾದರೂ ಟ್ಯಾಂಗ್ ಸಾಕುತ್ತೇನೆ ಅಂದರೆ ನಾನು ಮೊದಲು ಕೇಳುವುದು: ಕಾವಲು ಎಲ್ಲಿದೆ, ಮೇವು ಎಲ್ಲಿದೆ?

ಕಾವಲಿನ ಲೆಕ್ಕ ಹೇಳುತ್ತೇನೆ. ಡೋರಿಗಾಗಲಿ ಪೌಡರ್ ಬ್ಲೂ ಎಂಬ ಇನ್ನೊಂದು ಟ್ಯಾಂಗಿಗಾಗಲಿ ಆರಡಿಗಿಂತ ಗಿಡ್ಡ ಟ್ಯಾಂಕು ಬೇಡ. ನಾಲ್ಕಡಿಯದೇ ಗತಿ ಅಂದರೆ ಹಳದಿ ಟ್ಯಾಂಗೋ ಕೋಲೆ ಟ್ಯಾಂಗೋ, ಯಾವುದಾದರೂ ಒಂದು, ಒಂದೇ ಒಂದು. ಅವು 18ರಿಂದ 20 ಸೆಂಟಿಮೀಟರಿಗೆ ನಿಲ್ಲುತ್ತವೆ. ಎತ್ತರದ ಟ್ಯಾಂಕು ನೋಡಲು ಚೆಂದ, ಈ ಮೀನಿಗೆ ಪ್ರಯೋಜನವಿಲ್ಲ, ಉದ್ದ ಬೇಕು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಅಂದರೆ 24 ಘನ ಅಡಿ, ಸುಮಾರು 680 ಲೀಟರ್. ಉಪ್ಪುನೀರಿನ ತೂಕವೇ 700 ಕಿಲೋ ಮುಟ್ಟುತ್ತದೆ. ಗಾಜು, ಕಲ್ಲು, ಕಬ್ಬಿಣದ ಸ್ಟ್ಯಾಂಡು ಸೇರಿದರೆ ಒಂದು ಟನ್ನಿಗೆ ಹತ್ತಿರ. ನಿಮ್ಮಪ್ಪ ಕಟ್ಟಿಸಿದ ಮಹಡಿಯ ಕೋಣೆಯಲ್ಲಿ ಇಡುತ್ತೇನೆ ಅಂದೆಯಲ್ಲ, ಎಂಜಿನಿಯರನ್ನು ಕೇಳದೆ ಆ ಮಾತೇ ಎತ್ತಬೇಡ. ನೆಲಮಹಡಿಯಲ್ಲಿ, ಸಂಜೆ ಬಿಸಿಲು ಬೀಳದ ಗೋಡೆಗೆ ಇಡು.

ಇನ್ನು ನೀರು. ನಮ್ಮ ಬೀರೂರಿನಿಂದ ಮಂಗಳೂರಿನ ಕಡಲಿಗೆ ಘಟ್ಟ ಇಳಿದು ಹೋದರೆ ಸುಮಾರು 200 ಕಿಲೋಮೀಟರ್. ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಮೇಲೆ ಕೂತಿದ್ದೇವೆ ನಾವು. ಇಲ್ಲಿ ಸಮುದ್ರ ಬೇಕಾದರೆ ಡ್ರಮ್ಮಿನಲ್ಲಿ ಕಲಸಿಕೊಳ್ಳಬೇಕು. ಕ್ಯಾನಿನಲ್ಲಿ ತರಬಹುದಲ್ಲ ಅಂತೀಯ. ದಡದಲ್ಲಿ ಮೊಗೆದ ನೀರನ್ನು ನಂಬುವಂತಿಲ್ಲ. ಮಳೆಗಾಲದಲ್ಲಿ ಹೊಳೆಗಳ ನೀರು ಬೆರೆತು ಉಪ್ಪು ತೆಳುವಾಗಿರುತ್ತದೆ, ಬಂದರಿನ ಪಕ್ಕದಲ್ಲಿ ಡೀಸೆಲ್ ತೇಲುತ್ತಿರುತ್ತದೆ. ಒಳ್ಳೆಯ ನೀರೇ ಸಿಕ್ಕಿತು ಅನ್ನು, ಪ್ರತಿ ವಾರ ಘಟ್ಟ ಇಳಿದು ಹತ್ತುವವರು ಯಾರು? ಅಕ್ವೇರಿಯಂಗೆಂದೇ ಬರುವ ಸಾಲ್ಟ್ ಮಿಕ್ಸ್ ಕೊಳ್ಳಬೇಕು. ಅಡುಗೆ ಉಪ್ಪು, ಕಲ್ಲುಪ್ಪು ಎರಡೂ ನಡೆಯುವುದಿಲ್ಲ. ಸಮುದ್ರದ ಉಪ್ಪಿನಲ್ಲಿ ನಮ್ಮ ಅಡುಗೆಯ ಉಪ್ಪು, ಅಂದರೆ ಸೋಡಿಯಂ ಮತ್ತು ಕ್ಲೋರೈಡ್, ನೂರಕ್ಕೆ 85ರಷ್ಟು. ಮಿಕ್ಕ 15ರಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇವೆ. ಆ 15 ಇಲ್ಲದಿದ್ದರೆ ಅದು ಉಪ್ಪಿನಕಾಯಿಯ ನೀರು.

ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 680 ಲೀಟರಿಗೆ 24 ಕಿಲೋ ಉಪ್ಪು. ಅದು ಮೊದಲ ದಿನದ್ದು. ಆಮೇಲೆ ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸಿದರೆ ವಾರವಾರವೂ ಎರಡೂವರೆ ಕಿಲೋ. ಮೀನಿನ ಬೆಲೆ ಒಂದು ಸಲದ್ದು, ಈ ಖರ್ಚಿಗೆ ಕೊನೆಯಿಲ್ಲ. ಅಂಗಡಿಯಲ್ಲಿ ಚೌಕಾಸಿ ಮಾಡುವಾಗ ಇದು ಯಾರ ನೆನಪಿಗೂ ಬರುವುದಿಲ್ಲ.

ಉಪ್ಪು ಬೆರೆಸುವ ಮೊದಲಿನ ನೀರು ಹೇಗಿರಬೇಕು ಅನ್ನುವುದು ಬೀರೂರಿನವರಿಗೆ ಮುಖ್ಯ. ನಮ್ಮ ಬೋರ್‌ವೆಲ್ ನೀರು ಬಕೆಟಿನ ಅಂಚಿಗೆ ಬಿಳಿ ಕರೆ ಕಟ್ಟುವ ನೀರು. ರೈಲ್ವೆಯಲ್ಲಿ ಸ್ಟೀಮ್ ಎಂಜಿನ್ ಇದ್ದ ಕಾಲದಲ್ಲಿ ಬಾಯ್ಲರಿಗೆ ಹಾಕುವ ನೀರನ್ನೂ ಪರೀಕ್ಷೆ ಮಾಡಿ ಹಾಕುತ್ತಿದ್ದರು. ಜೀವ ಇರುವ ಮೀನಿಗೆ ಅಷ್ಟೂ ಮಾಡದಿದ್ದರೆ ಹೇಗೆ? ಆರ್‌ಓ ಬೇಕು, ಅದರ ಮುಂದೆ ಉಳಿದ ಖನಿಜವನ್ನೂ ಹಿಡಿಯುವ ಡಿಐ ಕೊಳವೆಯೂ ಬೇಕು. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರು ಸೊನ್ನೆ ತೋರಿಸಬೇಕು. ಅಡುಗೆಮನೆಯ ಆರ್‌ಓ ಕುಡಿಯುವ ರುಚಿಗೆಂದು ಒಂದಿಷ್ಟು ಖನಿಜ ಉಳಿಸಿ ಕೊಡುತ್ತದೆ, ಅದು ಇಲ್ಲಿಗೆ ಆಗದು. ಆದರೆ ಒಂದು ಲೀಟರ್ ಶುದ್ಧ ನೀರು ಬರಬೇಕಾದರೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ನಮ್ಮ ಕಡೂರು ತಾಲ್ಲೂಕಿನ ಹೆಸರು ಬರದ ಪಟ್ಟಿಯಲ್ಲಿ ಎಷ್ಟು ಸಲ ಬಂದಿದೆ ಎಂದು ನಿನಗೆ ನಾನು ಹೇಳಬೇಕೇ? ಬೀದಿಯಲ್ಲಿ ಟ್ಯಾಂಕರಿಗೆ ಕಾಯುತ್ತಾ ಕೊಡ ಸಾಲಿಟ್ಟಿರುವಾಗ, ನಮ್ಮ ಮನೆಯ ಪೈಪಿನಿಂದ ಮೀನಿನ ಸಲುವಾಗಿ ನೀರು ಚರಂಡಿಗೆ ಹರಿದರೆ ನಾನು ಸುಮ್ಮನಿರುವವನಲ್ಲ. ಹೊರಬರುವ ನೀರಿಗೆ ಒಂದು ಡ್ರಮ್ಮು ಇಡು. ಬಟ್ಟೆಗೆ, ನೆಲಕ್ಕೆ, ಹಿತ್ತಲ ಗಿಡಕ್ಕೆ ಅದೇ ಸಾಕು.

ಟ್ಯಾಂಕಿನಿಂದ ತೆಗೆದ ಹಳೇ ಉಪ್ಪುನೀರಿನ ಮಾತು ಬೇರೆ. ತೆಂಗು ಉಪ್ಪು ತಾಳುತ್ತದೆ, ಅಡಿಕೆ ತಾಳುವುದಿಲ್ಲ. ತೆಂಗಿಗಾದರೂ ವಾರವಾರ ಒಂದೇ ಬುಡಕ್ಕೆ 70 ಲೀಟರ್ ಸುರಿದರೆ ಮಣ್ಣು ಕೆಡುತ್ತದೆ. ಅದು ಮಾತ್ರ ಬಚ್ಚಲ ಕೊಳವೆಗೇ ಹೋಗಲಿ.

ನಮ್ಮಲ್ಲಿ ಏಪ್ರಿಲ್ ಬಂದರೆ ಹಂಚಿನ ಮನೆಯೊಳಗೂ ಬೆವರು. ಟ್ಯಾಂಗಿಗೆ ನೀರು 25ರಿಂದ 27 ಡಿಗ್ರಿಯಲ್ಲಿರಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಅದೇ ಹೊತ್ತಿಗೆ ಮೀನಿಗೆ ಬೇಕಾದ ಉಸಿರು ಹೆಚ್ಚು. ಸದಾ ಈಜುವ ಟ್ಯಾಂಗಿಗೆ ಈ ಎರಡು ಬದಿಯ ಪೆಟ್ಟು ಉಳಿದ ಮೀನುಗಳಿಗಿಂತ ಮೊದಲು ತಟ್ಟುತ್ತದೆ. ನೀರಿನ ಮೇಲ್ಮೈಗೆ ಫ್ಯಾನು ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆದರೆ ನೀರು ಬೇಗ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿದ ಮಟ್ಟಕ್ಕೆ ಉಪ್ಪಿಲ್ಲದ ಆರ್‌ಓ ನೀರನ್ನೇ ತುಂಬಬೇಕು. ಇಲ್ಲಿ ತಪ್ಪಿ ಉಪ್ಪುನೀರು ತುಂಬುತ್ತಾ ಹೋದವರ ಟ್ಯಾಂಕು ತಿಂಗಳೊಪ್ಪತ್ತಿನಲ್ಲಿ ಸಮುದ್ರಕ್ಕಿಂತ ಗಟ್ಟಿಯಾಗಿರುತ್ತದೆ. ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರು ತೆಗೆದುಕೋ, 1.025ರ ಗೆರೆಯ ಮೇಲೆ ಕಣ್ಣಿಟ್ಟಿರು.

ಫ್ಯಾನಿಗೆ ಬಗ್ಗದ ಬೇಸಿಗೆಗೆ ಚಿಲ್ಲರ್ ಬೇಕು. ಚಿಲ್ಲರ್ ಬಂದರೆ ಕರೆಂಟಿನ ಮಾತು. ನೀರು ತಿರುಗಿಸುವ ಪಂಪು, ಅಲೆ ಎಬ್ಬಿಸುವ ಪವರ್‌ಹೆಡ್, ಕೊಳೆ ತೆಗೆಯುವ ಸ್ಕಿಮ್ಮರ್, ಲೈಟು, ಚಿಲ್ಲರ್ ಎಲ್ಲ ಸೇರಿ ಬೇಸಿಗೆಯಲ್ಲಿ ತಿಂಗಳಿಗೆ 150 ಯೂನಿಟ್ ದಾಟುವುದು ಸುಲಭ. 2023ರ ಗೃಹಜ್ಯೋತಿ ಬಂದಾಗಿನಿಂದ ನಿಮ್ಮಮ್ಮ ಸೊನ್ನೆ ಬಿಲ್ಲಿಗೆ ಒಗ್ಗಿಕೊಂಡಿದ್ದಾಳೆ. 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ. ಮೀನು ತರುವ ಮೊದಲು ಅವಳ ಹತ್ತಿರ ಮಾತಾಡು. ಮಳೆಗಾಲದ ರಾತ್ರಿ ಕರೆಂಟು ಹೋದಾಗ ಟಿವಿ ಮುಖ್ಯವೋ ಟ್ಯಾಂಕು ಮುಖ್ಯವೋ ಅನ್ನುವುದೂ ಆಗಲೇ ತೀರ್ಮಾನವಾಗಿಬಿಡಲಿ. ಇನ್ವರ್ಟರಿಗೆ ಎಲ್ಲವನ್ನೂ ಹಾಕಬೇಕಿಲ್ಲ, ನೀರು ಕದಡುವ ಒಂದು ಪವರ್‌ಹೆಡ್ ನಡೆದರೆ ಸಾಕು. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಏರ್ ಪಂಪೊಂದು ಕೈಗೆ ಸಿಗುವಲ್ಲಿರಲಿ.

ಈಗ ನಿನಗೆ ಹಿಡಿಸದ ಮಾತು: ಕಾಯುವುದು. ದಸರೆಯಲ್ಲಿ ಮೈಲಾರಲಿಂಗನ ಕಾರ್ಣಿಕ ಕೇಳಿಕೊಂಡು ಬಂದು ಟ್ಯಾಂಕಿಗೆ ನೀರು ತುಂಬಿಸು. ಖಾಲಿ ನೀರೇ ಓಡಲಿ. ಒಂದು ಚೂರು ಹಸಿ ಸೀಗಡಿ ಹಾಕು. ಅದು ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಈ ಸರಪಳಿ ಕೂಡಿಕೊಳ್ಳಲು ನಾಲ್ಕರಿಂದ ಆರು ವಾರ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಯಾವ ಮೀನೂ ಬೇಡ. ಸಿಹಿನೀರಿನಲ್ಲಿ ಗೋಲ್ಡ್‌ಫಿಶ್ ಸಾಕಿ ಅನುಭವ ಇದೆಯಲ್ಲ ಅನ್ನಬೇಡ. ಸಮುದ್ರದ ನೀರಿನ ಪಿಎಚ್ 8.1ರಿಂದ 8.3. ಪಿಎಚ್ ಏರಿದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಗೋಲ್ಡ್‌ಫಿಶ್ ಸಹಿಸಿಕೊಂಡ ಪ್ರಮಾಣಕ್ಕೆ ಇಲ್ಲಿ ಹೆಣ ತೇಲುತ್ತದೆ.

ಫೆಬ್ರವರಿಯಲ್ಲಿ ಅಂತರಘಟ್ಟೆ ಜಾತ್ರೆಗೆ ಪಾನಕದ ಗಾಡಿಗಳು ಓಡುವ ಹೊತ್ತಿಗೆ ಒಂದು ಜೋಡಿ ನೀಮೊ ಬಿಡು. ಆಮೇಲೆ ಮಾರ್ಚ್, ಏಪ್ರಿಲ್, ಮೇ. ಈ ಮೂರು ತಿಂಗಳಲ್ಲಿ ನಿನ್ನ ಆರ್‌ಓ ಎಷ್ಟು ನೀರು ಕೊಡುತ್ತದೆ, ಚಿಲ್ಲರ್ ನಿಲ್ಲುತ್ತದೆಯೋ, ಇನ್ವರ್ಟರ್ ಎಷ್ಟು ತಾಸು ಎಳೆಯುತ್ತದೆ, ಮುಖ್ಯವಾಗಿ ನಿನ್ನ ಉತ್ಸಾಹ ಎಷ್ಟು ದಿನ ಎಳೆಯುತ್ತದೆ, ಎಲ್ಲ ತಿಳಿಯುತ್ತದೆ. ಬೀರೂರಿನ ಒಂದು ಬೇಸಿಗೆ ದಾಟಿದ ಟ್ಯಾಂಕಿಗೇ ಟ್ಯಾಂಗ್ ಬರಬೇಕು. ಇದರ ಲಾಭ ಇನ್ನೊಂದಿದೆ: ಅಷ್ಟು ಹೊತ್ತಿಗೆ ಕಲ್ಲಿನ ಮೇಲೆ ಪಾಚಿ ಬೆಳೆದಿರುತ್ತದೆ. ಅದು ನೋಡಲು ಕೊಳಕು ಎಂದು ತಿಕ್ಕಿ ತೊಳೆಯಬೇಡ, ಬರುವ ಅತಿಥಿಗೆ ಅದೇ ಊಟ.

ಕಲ್ಲು ಅಂದಾಗ ನೆನಪಾಯಿತು. ಹವಳ, ‘ಲೈವ್ ರಾಕ್’ ಅಂತ ಯಾರಾದರೂ ಕದ್ದುಮುಚ್ಚಿ ಕೊಟ್ಟರೆ ಮುಟ್ಟಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಕಡಲಿನ ಹವಳಗಳು ಸಂರಕ್ಷಿತ ಜೀವಿಗಳು. ಹುಲಿಯ ಉಗುರು ಮನೆಯಲ್ಲಿಟ್ಟವರ ಪಾಡು ಟಿವಿಯಲ್ಲಿ ನೋಡಿದ್ದೀಯ. ಸತ್ತ ಹವಳದ ತುಂಡಾದರೂ ಬೇಡ. ಸೆರಾಮಿಕ್ಕಿನ ಕಲ್ಲು ಬರುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೂ ಒಂದೇ ಇದೂ ಒಂದೇ.

ಯಾವ ಟ್ಯಾಂಗ್? ಪೌಡರ್ ಬ್ಲೂ ನೋಡಿದರೆ ನೀನು ಡೋರಿಯನ್ನು ಮರೆಯುತ್ತೀಯ, ಅಷ್ಟು ಚೆಲುವು. ಹಿಂದೂ ಮಹಾಸಾಗರದ್ದೇ ಮೀನು, ಲಕ್ಷದ್ವೀಪದ ಹವಳದ ದಂಡೆಗಳಲ್ಲಿ ಮೇಯುತ್ತದೆ. ಮೊದಲ ಟ್ಯಾಂಗಾಗಿ ಅದನ್ನು ತರಬೇಡ. ರೋಗ ಬೇಗ ಹತ್ತುತ್ತದೆ, ಜಗಳಗಂಟ ಬೇರೆ. ಒಂದೇ ಆಕಾರದ ಎರಡು ಟ್ಯಾಂಗುಗಳನ್ನು ಒಟ್ಟಿಗೆ ಬಿಟ್ಟರೆ ಬಾಲದ ಚಾಕು ಹೊರಬರುತ್ತದೆ. ಹಳದಿ ಟ್ಯಾಂಗ್ ಸಿಕ್ಕರೆ ಒಳ್ಳೆಯದು, ಬೆಲೆ ಕೇಳಿ ನೀನೇ ಹಿಂದೆ ಸರಿಯಬಹುದು. ಅದರ ಮುಖ್ಯ ನೆಲೆ ಹವಾಯಿ, ಅಲ್ಲಿ 2017ರಲ್ಲಿ ಕೋರ್ಟು ಅಕ್ವೇರಿಯಂಗಾಗಿ ಮೀನು ಹಿಡಿಯುವುದಕ್ಕೆ ತಡೆ ಹಾಕಿತು.

ಒಂದು ಮಾತು ತಿಳಿದುಕೊಂಡಿರು. ನೀಮೊವನ್ನು ನಮ್ಮ ದೇಶದಲ್ಲೇ ಮೊಟ್ಟೆಯಿಂದ ಬೆಳೆಸುತ್ತಾರೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಆ ವಿದ್ಯೆಯನ್ನು ಕರಗತ ಮಾಡಿಕೊಂಡು ಹೇಳಿಕೊಟ್ಟಿದೆ. ಟ್ಯಾಂಗ್ ಹಾಗೆ ಸುಲಭಕ್ಕೆ ಬಗ್ಗಿದ ಮೀನಲ್ಲ. ಹಳದಿ ಟ್ಯಾಂಗನ್ನು ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್‌ನವರು ಮೊಟ್ಟೆಯಿಂದ ಬೆಳೆಸಿದ್ದು 2015ರಲ್ಲಿ, ಡೋರಿಯನ್ನು ಫ್ಲಾರಿಡಾ ವಿಶ್ವವಿದ್ಯಾಲಯದವರು ಬೆಳೆಸಿದ್ದು 2016ರಲ್ಲಿ. ಅದರ ಮರಿ ವಾರಗಟ್ಟಲೆ ಗಾಜಿನ ಚೂರಿನಂತೆ ಪಾರದರ್ಶಕವಾಗಿ ತೆರೆದ ಕಡಲಿನಲ್ಲಿ ತೇಲುತ್ತದೆ, ಅದರ ಬಾಯಿಗೆ ಹಿಡಿಸುವಷ್ಟು ಸಣ್ಣ ಆಹಾರ ಒದಗಿಸುವುದೇ ದೊಡ್ಡ ಕಷ್ಟ. ಹಾಗಾಗಿ ಅಂಗಡಿಯಲ್ಲಿ ಕಾಣುವ ಡೋರಿ ಬಹುಮಟ್ಟಿಗೆ ಕಡಲಿನಿಂದಲೇ ಹಿಡಿದು ತಂದದ್ದು. ಪೂರ್ವದ ಕೆಲವು ದೇಶಗಳಲ್ಲಿ ಸಯನೈಡ್ ಚಿಮುಕಿಸಿ ಮೀನಿಗೆ ಅಮಲು ಬರಿಸಿ ಹಿಡಿಯುವ ಕೆಟ್ಟ ಚಾಳಿ ದಶಕಗಳಿಂದ ಇದೆ. ಅಂಥ ಮೀನು ಅಂಗಡಿಯಲ್ಲಿ ಲಕಲಕ ಹೊಳೆಯುತ್ತದೆ, ಮನೆಗೆ ಬಂದ ಕೆಲವು ವಾರಕ್ಕೆ ಕಾರಣ ಹೇಳದೆ ಸಾಯುತ್ತದೆ. ಸಾಕಿ ಬೆಳೆಸಿದ ಮರಿ ಸಿಗುವುದಾದರೆ ಹೆಚ್ಚು ದುಡ್ಡು ಕೊಟ್ಟಾದರೂ ಅದನ್ನೇ ತಾ. ಸಿಗದಿದ್ದರೆ ಆತುರಪಡದೆ ಕಾಯಿ.

ಕೊಳ್ಳುವಾಗ ಬಣ್ಣ ನೋಡಬೇಡ, ಹೊಟ್ಟೆ ನೋಡು. ಹೊಟ್ಟೆ ಒಳಕ್ಕೆ ಸೇದಿಕೊಂಡಿದ್ದರೆ, ತಲೆಯ ಹಿಂಭಾಗ ಕುಳಿಬಿದ್ದಿದ್ದರೆ ಅದು ಬಹಳ ದಿನ ಉಪವಾಸವಿದ್ದ ಮೀನು. ಬಂದ ದಿನವೇ ಖರೀದಿ ಮಾಡಬೇಡ, ಅಂಗಡಿಯಲ್ಲಿ ಒಂದೆರಡು ವಾರ ಕಳೆಯಲಿ. ‘ಇದು ತಿನ್ನುವುದನ್ನು ತೋರಿಸಿ’ ಎಂದು ಕೇಳು. ತೋರಿಸಲು ಗೊಣಗಿದರೆ ನಮಸ್ಕಾರ ಹೇಳಿ ಹೊರಟು ಬಾ.

ಮನೆಗೆ ತಂದದ್ದನ್ನು ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಡುವ ಆಸೆ ಆಗುತ್ತದೆ. ನನ್ನ ಎಲ್ಲ ಮಾತಿನಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸು: ಬಿಡಬೇಡ. ಟ್ಯಾಂಗಿನ ಹುರುಪೆ ತೀರ ಸಣ್ಣವು, ಮೈಮೇಲಿನ ಲೋಳೆ ತೆಳುವು. ಬಿಳಿ ಚುಕ್ಕೆ ರೋಗಕ್ಕೆ, ಸಾಕುವವರು ‘ಇಚ್’ ಅನ್ನುವುದಕ್ಕೆ, ಅದು ಮೊದಲ ಬಲಿ. ಕ್ರಿಪ್ಟೊಕ್ಯಾರಿಯಾನ್ ಅನ್ನುವ ಏಕಕೋಶ ಜೀವಿ ಅದಕ್ಕೆ ಕಾರಣ. ಚರ್ಮದೊಳಗೆ ಹೊಕ್ಕು ಮೂರರಿಂದ ಏಳು ದಿನ ತಿಂದು ಕೊಬ್ಬುತ್ತದೆ, ಆಗ ರವೆ ಉದುರಿಸಿದಷ್ಟು ಬಿಳಿ ಚುಕ್ಕೆ. ಆಮೇಲೆ ತಾನಾಗಿ ಕಳಚಿ ತಳಕ್ಕೆ ಬಿದ್ದು ಕೋಶ ಕಟ್ಟಿಕೊಳ್ಳುತ್ತದೆ. ಚುಕ್ಕೆ ಹೋಯಿತು, ಔಷಧಿ ಕೆಲಸ ಮಾಡಿತು ಎಂದು ಜನ ಹಿಗ್ಗುವುದು ಈ ಹೊತ್ತಿನಲ್ಲೇ. ಆ ಕೋಶ ಒಡೆದರೆ ಒಂದರಿಂದ ನೂರಾರು ಹೊರಬಂದು ಮತ್ತೆ ಮೀನು ಹುಡುಕುತ್ತವೆ. ಕೆಲವು ಮೂರು ದಿನಕ್ಕೆ ಒಡೆಯುತ್ತವೆ, ಕೆಲವು ಎರಡು ತಿಂಗಳು ಕಳೆದ ಮೇಲೆ. ಅದಕ್ಕೇ, ಒಮ್ಮೆ ದೊಡ್ಡ ಟ್ಯಾಂಕಿಗೆ ರೋಗ ಹೊಕ್ಕಿತೆಂದರೆ ಎಲ್ಲ ಮೀನುಗಳನ್ನೂ ಹೊರತೆಗೆದು 76 ದಿನ ಅದನ್ನು ಖಾಲಿ ಬಿಡಬೇಕು ಎನ್ನುತ್ತಾರೆ. ಕಲ್ಲು ಬಿಚ್ಚಿ ಮೀನು ಹಿಡಿಯುವ ಆ ಪಜೀತಿ ನಿನಗೆ ಬೇಡ.

ಆದ್ದರಿಂದ ಒಂದು ಬೇರೆ ಟ್ಯಾಂಕು. ಮರಳು ಬೇಡ, ಕಲ್ಲು ಬೇಡ. ಅಡಗಲು ಒಂದೆರಡು ತುಂಡು ಪಿವಿಸಿ ಪೈಪು, ಒಂದು ಸ್ಪಾಂಜ್ ಫಿಲ್ಟರು. ಟ್ಯಾಂಗು ಅಲ್ಲಿ ನಾಲ್ಕರಿಂದ ಆರು ವಾರ ಇರಲಿ. ರೋಗ ಕಂಡರೆ ತಾಮ್ರದ ಔಷಧಿ. ಸಾದಾ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಬೇರೆ ಬಗೆಯ ತಾಮ್ರದ ಔಷಧಿಗೆ ಅಳತೆ ಬೇರೆ, ಅದರ ಚೀಟಿಯಲ್ಲಿ ಇದ್ದಂತೆ. ಕಡಿಮೆಯಾದರೆ ರೋಗ ಸಾಯದು, ಜಾಸ್ತಿಯಾದರೆ ಮೀನು ಉಳಿಯದು. ದಿನಾ ಟೆಸ್ಟ್ ಮಾಡು, ಅಂದಾಜಿನಲ್ಲಿ ಹನಿ ಹಾಕಬೇಡ. ತಾಮ್ರವನ್ನು ದೊಡ್ಡ ಟ್ಯಾಂಕಿಗೆ ಮಾತ್ರ ಎಂದೂ ಹಾಕಬೇಡ, ಏಡಿ, ಬಸವನಹುಳು, ಸೀಗಡಿ ಒಂದೂ ಉಳಿಯುವುದಿಲ್ಲ. ಬೆಳ್ಳುಳ್ಳಿ ರಸ, ಅರಿಶಿನ ಅಂತ ಯಾರಾದರೂ ಹೇಳಿಯಾರು. ಅವು ನಮ್ಮ ಸಾರಿಗೆ ಚೆನ್ನ.

ಮೇವಿನ ವಿಷಯದಲ್ಲಿ ಹೇಳುವುದಕ್ಕೆ ನನಗೆ ಖುಷಿ. ನೋರಿ ಅಂತ ಬರುತ್ತದೆ, ಜಪಾನಿನವರು ಅನ್ನ ಸುತ್ತಿ ತಿನ್ನುವ ಒಣ ಕಡಲಪಾಚಿಯ ಹಾಳೆ. ಉಪ್ಪು, ಎಣ್ಣೆ, ಮಸಾಲೆ ಹಾಕದ ಸಾದಾದ್ದು ತಾ. ಅಂಗೈ ಅಗಲದ ಚೂರನ್ನು ಕ್ಲಿಪ್ಪಿಗೆ ಸಿಕ್ಕಿಸಿ ಗಾಜಿಗೆ ಅಂಟಿಸು. ಬೆಳಿಗ್ಗೆ ಒಂದು, ಸಂಜೆ ಒಂದು. ಸ್ಪಿರುಲಿನಾ ಇರುವ ಕಾಳು, ಡೋರಿಗಾದರೆ ಮೈಸಿಸ್ ಸೀಗಡಿಯೂ ಆಗಾಗ. ವಾರಕ್ಕೊಮ್ಮೆ ಭಾರಿ ಊಟ ಹಾಕಿ ಆರು ದಿನ ಮರೆಯುವವನು ಈ ಮೀನು ಸಾಕಬಾರದು, ಇದರ ಕರುಳು ಉದ್ದದ ಕರುಳು, ದಿನವಿಡೀ ಸ್ವಲ್ಪ ಸ್ವಲ್ಪ ಬೀಳುತ್ತಿರಬೇಕು. ಆ ಕರುಳಿನೊಳಗೆ ಒಂದು ವಿಸ್ಮಯ ಇದೆ. 1985ರಲ್ಲಿ ಕೆಂಪು ಸಮುದ್ರದ ಕಂದು ಸರ್ಜನ್ ಮೀನೊಂದರ ಕರುಳಿನಲ್ಲಿ ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಜೀವಿ ಸಿಕ್ಕಿತು, ಅರ್ಧ ಮಿಲಿಮೀಟರಿಗೂ ಮೇಲೆ. ಇಷ್ಟು ದೊಡ್ಡದು ಬ್ಯಾಕ್ಟೀರಿಯಾ ಆಗಿರಲಾರದು ಎಂದೇ ವಿಜ್ಞಾನಿಗಳು ಅಂದುಕೊಂಡಿದ್ದರು. 1993ರಲ್ಲಿ ಅದು ಬ್ಯಾಕ್ಟೀರಿಯಾವೇ ಎಂದು ಸಾಬೀತಾಯಿತು. ದನದ ಹೊಟ್ಟೆಯಲ್ಲೂ ಹುಲ್ಲು ಕರಗಿಸುವುದು ಬ್ಯಾಕ್ಟೀರಿಯಾದಂಥ ಸಣ್ಣ ಜೀವಿಗಳ ಸೈನ್ಯ ಅಲ್ಲವೇ! ನಾನು ದನ ಅಂದದ್ದು ಪೂರ್ತಿ ತಮಾಷೆಯಲ್ಲ.

ಮೇವು ಸರಿಯಿಲ್ಲದ ಟ್ಯಾಂಗಿನ ಮುಖದ ಮೇಲೆ, ಮೈಯ ಗೆರೆಯ ಗುಂಟ ಚರ್ಮ ಸವೆದು ಗುಳಿ ಬೀಳುತ್ತದೆ. ನೀರು ಸೋಸಲು ಹಾಕುವ ಇದ್ದಿಲಿನ ನುಣ್ಣನೆ ಪುಡಿಯಿಂದಲೂ ಇದು ಬರುವುದುಂಟು. ಇದ್ದಿಲು ಬಳಸುವುದಾದರೆ ಕಪ್ಪು ನೀರು ಬಿಡುವುದು ನಿಲ್ಲುವ ತನಕ ತೊಳೆದೇ ಹಾಕು.

ಬಾಲದ ಚಾಕುವಿನ ಬಗ್ಗೆ ಎರಡೇ ಮಾತು. ಬಲೆಯಲ್ಲಿ ಹಿಡಿದರೆ ಮುಳ್ಳು ಬಲೆಗೆ ಸಿಕ್ಕಿಕೊಂಡು ಮೀನು ಹರಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಗೆ. ಟ್ಯಾಂಕಿನೊಳಗೆ ಕೈ ಹಾಕಿ ಕೆಲಸ ಮಾಡುವಾಗ ಅದನ್ನು ಮೂಲೆಗೆ ಒತ್ತರಿಸಬೇಡ, ಸಾಧು ಮೀನೂ ಆಗ ಬಾಲ ಬೀಸುತ್ತದೆ, ಗಾಯ ಆಳವಾಗಿರುತ್ತದೆ.

ಕೊನೆಗೆ ಆಯಸ್ಸಿನ ವಿಚಾರ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸರ್ಜನ್ ಮೀನುಗಳ ಕಿವಿಯೊಳಗಿನ ಕಲ್ಲು ಸೀಳಿ, ಮರದ ಉಂಗುರ ಎಣಿಸುವ ಕ್ರಮದಲ್ಲಿ ಗೆರೆ ಎಣಿಸಿ ವಯಸ್ಸು ನೋಡಿದ್ದಾರೆ. 30 ವರ್ಷ ದಾಟಿದವು ಅಪರೂಪವಲ್ಲ, 40 ದಾಟಿದವೂ ಸಿಕ್ಕಿವೆ. ನಿನಗೆ ಈಗ ಇಪ್ಪತ್ತು ಚಿಲ್ಲರೆ. ನಾಳೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೆಲಸ, ಮದುವೆ, ಬಾಡಿಗೆ ಮನೆ. ಒಂದು ಟನ್ ತೂಕದ ಟ್ಯಾಂಕು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ತಿರುಗುವುದಿಲ್ಲ. ‘ಅಮ್ಮ ನೋಡಿಕೊಳ್ಳುತ್ತಾಳೆ’ ಅನ್ನುವ ಮಾತನ್ನು ಈ ಮನೆಯಲ್ಲಿ ನಾಯಿ, ಪಾರಿವಾಳ, ರೇಷ್ಮೆಹುಳ ಎಲ್ಲದಕ್ಕೂ ಕೇಳಿದ್ದೇನೆ. ವಾರವಾರ 70 ಲೀಟರ್ ಉಪ್ಪುನೀರು ಕಲಸಿ ಹೊರುವುದು ಅವಳ ಸೊಂಟಕ್ಕೆ ಆಗದು, ನನ್ನ ಕೈಗೂ ಆಗದು. ಬೇಡವಾದ ದಿನ ಕೆರೆಗೆ ಬಿಟ್ಟು ಕೈತೊಳೆದುಕೊಳ್ಳಲೂ ಆಗದು, ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ. ನೀನು ಊರು ಬಿಟ್ಟರೆ ಅದನ್ನು ತೆಗೆದುಕೊಳ್ಳುವ, ದೊಡ್ಡ ಟ್ಯಾಂಕು ಇರುವ ಒಬ್ಬ ಮನುಷ್ಯನ ಹೆಸರು ಮೀನು ಬರುವ ಮೊದಲೇ ನಿನ್ನ ಹತ್ತಿರ ಇರಲಿ.

ನನಗೊಂದು ಯೋಚನೆ ಬಂದಿದೆ. ಮಳೆ ನಿಂತ ಮೇಲೆ ನಮ್ಮ ಜಂಕ್ಷನ್ನಿನಲ್ಲಿ ತಾಳಗುಪ್ಪದ ರೈಲು ಹತ್ತು. ಅಲ್ಲಿಂದ ಜೋಗ ದಾಟಿ ಹೊನ್ನಾವರಕ್ಕೆ ಇಳಿದರೆ ಮುರ್ಡೇಶ್ವರ ದೂರವಿಲ್ಲ. ದಡದಿಂದ ಸುಮಾರು 20 ಕಿಲೋಮೀಟರ್ ಒಳಗೆ ನೇತ್ರಾಣಿ ದ್ವೀಪ. ನೀರಿಗಿಳಿಸುವ ತರಬೇತಿಯವರು ಅಲ್ಲಿದ್ದಾರೆ, ಕನ್ನಡಕ ಹಾಕಿ ಹವಳದ ಮೇಲೆ ಕರೆದೊಯ್ಯುತ್ತಾರೆ. ಹವಳದ ಮೀನು ಮೇಯುವಾಗ ಎಷ್ಟು ದೂರ ಹೋಗುತ್ತದೆ, ಎಷ್ಟು ವೇಗವಾಗಿ ತಿರುಗುತ್ತದೆ, ಕಣ್ಣಾರೆ ನೋಡು. ಖರ್ಚು ನನ್ನ ಪೆನ್ಷನ್ನಿನದು. ಬಂದ ಮೇಲೂ ಬೇಕು ಅನಿಸಿದರೆ ಮೂರಡಿಯದು ಮರೆತು ಆರಡಿಗೆ ಗಾಜಿನ ಅಳತೆ ಕೊಡೋಣ. ಆರ್‌ಓ ನೀರಿಗೆ ಹಿತ್ತಲಿನ ನೀಲಿ ಡ್ರಮ್ಮು ಆಗುತ್ತದೆ, ಅದರಲ್ಲಿರುವ ಹಳೇ ಅಡಿಕೆ ಚೀಲಗಳನ್ನು ಮಾತ್ರ ನೀನೇ ಬಂದು ತೆಗೆಯಬೇಕು.